ಗೊರಕೆ ನಿಂತ ಆ ಹತ್ತು ಸೆಕೆಂಡು: ನಿದ್ದೆಯೇ ಹೃದಯಕ್ಕೆ ಭಾರವಾಗಿದೆಯಾ ಎಂದು ತಿಳಿಯುವುದು ಹೇಗೆ?

ಚಿಕ್ಕಪ್ಪನ ಬಿಪಿ ಮಾತ್ರೆ ಎರಡು ವರ್ಷದಲ್ಲಿ ಒಂದರಿಂದ ಮೂರಾಗಿತ್ತು. ಉಪ್ಪಿನಕಾಯಿ ಬಿಟ್ಟರು, ಹಪ್ಪಳ ಬಿಟ್ಟರು, ಬಿಪಿ ಮಾತ್ರ ಜಗ್ಗಲಿಲ್ಲ. ಕೊನೆಗೆ ಡಾಕ್ಟರು ಚಿಕ್ಕಮ್ಮನ ಕಡೆ ತಿರುಗಿ, "ರಾತ್ರಿ ಗೊರಕೆ ಹೊಡೀತಾರಾ?" ಎಂದರು. ಚಿಕ್ಕಮ್ಮ ನಕ್ಕರು: "ಪಕ್ಕದ ಮನೆಯವರನ್ನೇ ಕೇಳಿ ಸಾರ್." "ಮಧ್ಯೆ ಮಧ್ಯೆ ಉಸಿರು ನಿಲ್ಲುತ್ತಾ?" ಚಿಕ್ಕಮ್ಮ ಸುಮ್ಮನಾದರು. ನಿಲ್ಲುತ್ತಿತ್ತು, ವರ್ಷಗಳಿಂದ. ಅದನ್ನು ಬಿಪಿ ನೋಡುವ ಡಾಕ್ಟರಿಗೆ ಹೇಳಬೇಕು ಅಂತ ಅವರಿಗೆ ಹೊಳೆದೇ ಇರಲಿಲ್ಲ.

ನಮ್ಮಲ್ಲಿ ಗೊರಕೆ ಅಂದರೆ ಸುಖನಿದ್ದೆ ಅಂತಲೇ ಲೆಕ್ಕ. ಎಲ್ಲ ಗೊರಕೆಯೂ ಕಾಯಿಲೆ ಅಲ್ಲ, ನಿಜ. ಆದರೆ ಗೊರಕೆ ನಡುವೆ ಉಸಿರು ಕಟ್ಟಿ, ಆಮೇಲೆ ದೊಡ್ಡದಾಗಿ ಎಳೆದುಕೊಂಡು ಮತ್ತೆ ಶುರುವಾದರೆ ಅದು ಸ್ಲೀಪ್ ಆಪ್ನಿಯಾ ಇರಬಹುದು.

ಒಳ್ಳೆ ನಿದ್ದೆಯಲ್ಲಿ ಬಿಪಿ ಹಗಲಿಗಿಂತ ಶೇ 10ರಿಂದ 20ರಷ್ಟು ಇಳಿಯುತ್ತದೆ. ಹೃದಯ ಸ್ವಲ್ಪ ಸುಧಾರಿಸಿಕೊಳ್ಳುವ ಹೊತ್ತು ಅದು. ಆಪ್ನಿಯಾ ಇದ್ದವರಿಗೆ ನಿದ್ದೆಯಲ್ಲಿ ಗಂಟಲು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಎದೆ ಎಳೆಯುತ್ತಲೇ ಇರುತ್ತದೆ, ಗಾಳಿ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತದೆ. ಮಿದುಳು ಗಾಬರಿಬಿದ್ದು ಅರೆಕ್ಷಣ ಎಬ್ಬಿಸುತ್ತದೆ, ಆಗ ಬಿಪಿ ಥಟ್ಟನೆ ಏರುತ್ತದೆ. ಬೆಳಿಗ್ಗೆ ಇದ್ಯಾವುದೂ ನೆನಪಿರುವುದಿಲ್ಲ. ಹತ್ತು ಸೆಕೆಂಡಾದರೂ ಉಸಿರು ನಿಂತರೆ ಅದನ್ನು ಒಂದು ಸಲ ಅಂತ ಎಣಿಸುತ್ತಾರೆ. ಉಸಿರು ಪೂರ್ತಿ ನಿಂತದ್ದು, ಅರ್ಧಂಬರ್ಧ ಆಡಿದ್ದು ಎರಡೂ ಸೇರಿ ಗಂಟೆಗೆ 5ರಿಂದ 15 ಸಲವಾದರೆ ಸಣ್ಣ ಮಟ್ಟದ್ದು, 30 ದಾಟಿದರೆ ತೀವ್ರ. ಗಂಟೆಗೆ 30 ಅಂದರೆ ಎರಡು ನಿಮಿಷಕ್ಕೊಮ್ಮೆ, ಬೆಳಗಾಗುವವರೆಗೂ. ಇದೇ ವರ್ಷಗಟ್ಟಲೆ ನಡೆದರೆ ಬಿಪಿ ಮಾತ್ರೆಗೆ ಬಗ್ಗದೆ ಹೋಗಬಹುದು. ಎದೆಬಡಿತ ಏರುಪೇರಾಗುವುದು, ಹೃದಯ ಸೋಲುವುದು, ಪಾರ್ಶ್ವವಾಯು ಇವುಗಳ ಅಪಾಯವೂ ಜಾಸ್ತಿ.

ಮೊದಲು ಫೋನ್ ಇಡಿ

ಮಲಗಿದವರಿಗೆ ತಮ್ಮ ಗೊರಕೆ ಗೊತ್ತಾಗಲ್ಲ. ಹೇಳಿದರೆ ಜಗಳ. ಅದಕ್ಕೆ ಅವರನ್ನು ಒಂದು ಮಾತು ಕೇಳಿ, ತಲೆದಿಂಬಿನಿಂದ ಎರಡು ಅಡಿ ದೂರದ ಸ್ಟೂಲ್ ಮೇಲೆ ಫೋನ್ ಇಟ್ಟು ರೆಕಾರ್ಡ್ ಒತ್ತಿ. ಫ್ಯಾನ್ ನಿಧಾನ ಮಾಡಿ, ಇಲ್ಲದಿದ್ದರೆ ಅದರ ಸದ್ದೇ ತುಂಬಿಕೊಳ್ಳುತ್ತದೆ. ನಡುರಾತ್ರಿಯಿಂದ ಬೆಳಗಿನ ಜಾವದವರೆಗಿನದ್ದು ಸಿಕ್ಕರೆ ಒಳ್ಳೆಯದು. ಆಪ್ನಿಯಾ ಹೆಚ್ಚಾಗುವುದು ಕನಸಿನ ನಿದ್ದೆಯಲ್ಲಿ, ಅದು ಬೆಳಗಿನ ಜಾವಕ್ಕೇ ಜಾಸ್ತಿ.

ಕೇಳುವಾಗ ಸದ್ದಿಗಿಂತ ಸದ್ದಿಲ್ಲದ ಜಾಗಕ್ಕೆ ಕಿವಿ ಕೊಡಿ. ಚಿಕ್ಕಪ್ಪನ ರೆಕಾರ್ಡಿಂಗ್‌ನಲ್ಲಿ ಗೊರಕೆ ಏರುತ್ತಾ ಏರುತ್ತಾ ಹೋಗಿ ಟಪಕ್ಕನೆ ನಿಂತಿತು. ಗೋಡೆ ಗಡಿಯಾರದ ಟಿಕ್ ಟಿಕ್ ಕೇಳಿಸಿತು. ಹದಿನೇಳು ಎಣಿಸಿದೆವು. ಆಮೇಲೆ ಮುಳುಗುತ್ತಿದ್ದವನು ನೀರಿನಿಂದ ಮೇಲೆದ್ದ ಹಾಗೆ ಉಸಿರು ಎಳೆದುಕೊಂಡರು. ಚಿಕ್ಕಪ್ಪ ಅದನ್ನು ಎರಡನೇ ಸಲ ಕೇಳಲಿಲ್ಲ.

ಆಮೇಲೆ ಎಂಟು ಪ್ರಶ್ನೆ

ಡಾಕ್ಟರುಗಳು ಬಳಸುವ 'ಸ್ಟಾಪ್-ಬ್ಯಾಂಗ್' ಎಂಬ ಪಟ್ಟಿಯಿದೆ. ಮನೆಯಲ್ಲೇ ಕೇಳಿಕೊಳ್ಳಬಹುದು. ಬಾಗಿಲು ಹಾಕಿದರೂ ಕೇಳುವಷ್ಟು ಗೊರಕೆಯೇ? ಹಗಲಲ್ಲಿ ಸುಸ್ತು, ತೂಕಡಿಕೆ ಇದೆಯೇ? ಉಸಿರು ನಿಂತದ್ದನ್ನು ಯಾರಾದರೂ ನೋಡಿದ್ದಾರೆಯೇ? ಬಿಪಿ ಇದೆಯೇ? ಬಿಎಂಐ (ಎತ್ತರಕ್ಕೆ ತೂಕ ಎಷ್ಟಿದೆ ಎಂಬ ಅಳತೆ) 35 ದಾಟಿದೆಯೇ? ವಯಸ್ಸು 50 ಮೀರಿದೆಯೇ? ಕುತ್ತಿಗೆ ಸುತ್ತಳತೆ 40 ಸೆಂಟಿಮೀಟರ್‌ಗಿಂತ ಹೆಚ್ಚೇ? ಗಂಡಸೇ? ಮೂರು 'ಹೌದು' ಬಂದರೆ ಡಾಕ್ಟರನ್ನು ಕಾಣಿ.

ಟೈಲರ್ ಟೇಪ್ ತಂದು ಕುತ್ತಿಗೆ ಅಳೆಯುವಾಗ ಮನೆಯವರೆಲ್ಲ ನಗುತ್ತಾರೆ, ನಗಲಿ. ಒಂದು ಮಾತು: ಬಿಎಂಐ 35 ಅಂದರೆ ಐದೂವರೆ ಅಡಿ ಎತ್ತರದವರಿಗೆ ಸುಮಾರು 98 ಕೆಜಿ. ನಮ್ಮ ಕಡೆಯವರಿಗೆ ಅಷ್ಟು ತೂಕ ಇಲ್ಲದಿದ್ದರೂ ಆಪ್ನಿಯಾ ಬರುತ್ತದೆ. 'ನಾನು ದಪ್ಪ ಇಲ್ವಲ್ಲ' ಅಂತ ಬಿಟ್ಟುಬಿಡಬೇಡಿ. ಹೆಂಗಸರೂ ಅಷ್ಟೇ. ಮುಟ್ಟು ನಿಂತ ಮೇಲೆ ಅವರಿಗೂ ಅಪಾಯ ಹೆಚ್ಚುತ್ತದೆ. ಅವರು ಗೊರಕೆ ಅನ್ನುವುದಿಲ್ಲ, 'ನಿದ್ದೆ ಬರಲ್ಲ, ಸುಸ್ತು' ಅನ್ನುತ್ತಾರೆ. ರಕ್ತ ಕಮ್ಮಿ ಅಂತ ಕಬ್ಬಿಣದ ಮಾತ್ರೆ ಕೊಟ್ಟು ಕಳಿಸುವುದೂ ಉಂಟು.

ಒಂದು ವಾರದ ಲೆಕ್ಕ

ಕ್ಯಾಲೆಂಡರ್ ಹಿಂದೆ ಬರೆದರೂ ಸಾಕು. ಮಲಗಿದ್ದು, ಎದ್ದದ್ದು ಎಷ್ಟು ಗಂಟೆಗೆ, ರಾತ್ರಿ ಎಷ್ಟು ಸಲ ಮೂತ್ರಕ್ಕೆ ಎದ್ದಿರಿ, ಬೆಳಿಗ್ಗೆ ತಲೆನೋವು ಇತ್ತಾ, ಬಾಯಿ ಒಣಗಿತ್ತಾ. ಪದೇ ಪದೇ ಮೂತ್ರಕ್ಕೆ ಏಳುವುದನ್ನು ಶುಗರ್ ಅಥವಾ ಪ್ರಾಸ್ಟೇಟ್ ಅಂತ ತಿಳಿಯುತ್ತೇವೆ. ಆಪ್ನಿಯಾದಿಂದಲೂ ಹಾಗಾಗುತ್ತದೆ.

ಜೊತೆಗೆ ಬಿಪಿ. ಬೆಳಿಗ್ಗೆ ಮಾತ್ರೆಗೂ ಕಾಫಿಗೂ ಮುಂಚೆ ಐದು ನಿಮಿಷ ಒರಗಿ ಕೂತು, ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ. ಮನೆಯಲ್ಲಿ ಸರಾಸರಿ 135/85 ಮೀರಿದರೆ ಅದು ಹೆಚ್ಚೇ.

ದೊಡ್ಡವರಿಗೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2022ರಲ್ಲಿ ಹೃದಯದ ಆರೋಗ್ಯದ ಪಟ್ಟಿಗೆ ನಿದ್ದೆಯನ್ನೂ ಸೇರಿಸಿತು. ಅಲ್ಲಿವರೆಗೆ ಏಳೇ ಅಂಶಗಳಿದ್ದವು. ಗೊರಕೆಯೇ ಇಲ್ಲ, ಬರೀ ನಿದ್ದೆ ಬರಲ್ಲ ಅನ್ನುವವರದ್ದು ಬೇರೆ ತೊಂದರೆ. ಅದಕ್ಕೆ ನಿದ್ದೆಯ ಅಭ್ಯಾಸ ತಿದ್ದುವ ಸಿಬಿಟಿ ಎಂಬ ಚಿಕಿತ್ಸೆಯೇ ಮೊದಲು, ಮಾತ್ರೆ ಆಮೇಲೆ. ಆಪ್ನಿಯಾ ಅನುಮಾನವಿದ್ದರೆ ಡಾಕ್ಟರನ್ನು ಕೇಳದೆ ನಿದ್ದೆ ಮಾತ್ರೆ ಮುಟ್ಟಲೇಬೇಡಿ.

ಈ ಒಂದು ವಾರದ ಲೆಕ್ಕಕ್ಕೂ ಕಾಯಬಾರದ ಎರಡು ಸಂದರ್ಭಗಳಿವೆ. ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ, ದಿಂಬು ಒಂದಿದ್ದದ್ದು ಮೂರಾಗಿದೆ, ಕಾಲು ಊದಿದೆ ಅಂದರೆ ಹೃದಯ ಸೋಲುತ್ತಿರಬಹುದು. ತಡ ಮಾಡದೆ ತೋರಿಸಿ. ಎದೆ ಹಿಂಡಿ ಬೆವರು ಕಿತ್ತರೆ 108.

ಪರೀಕ್ಷೆ, ಮೆಷಿನ್

ಹೃದಯ ಅಥವಾ ಶ್ವಾಸಕೋಶದ ಡಾಕ್ಟರು, ಇಲ್ಲವೇ ಇಎನ್‌ಟಿಯವರು ಸ್ಲೀಪ್ ಸ್ಟಡಿ ಬರೆದುಕೊಡುತ್ತಾರೆ. ಎದೆಗೆ ಪಟ್ಟಿ, ಮೂಗಿಗೆ ಸಣ್ಣ ಕೊಳವೆ, ಬೆರಳಿಗೆ ಕ್ಲಿಪ್ ಹಾಕಿಕೊಂಡು ಒಂದು ರಾತ್ರಿ ಮಲಗಬೇಕು, ಅಷ್ಟೇ. ಎಷ್ಟೋ ಜನರಿಗೆ ಮನೆಯಲ್ಲೇ ಮಾಡುತ್ತಾರೆ.

ಆಪ್ನಿಯಾ ತೀವ್ರವಿದ್ದರೆ ಸಾಮಾನ್ಯವಾಗಿ ಸಿಪ್ಯಾಪ್ ಮೆಷಿನ್ ಕೊಡುತ್ತಾರೆ. ಮಾಸ್ಕ್ ಮೂಲಕ ಗಾಳಿ ಒತ್ತಿ ಗಂಟಲು ಮುಚ್ಚದಂತೆ ನೋಡಿಕೊಳ್ಳುತ್ತದೆ. ಸಿಡ್ನಿಯ ಡಾಕ್ಟರ್ ಕಾಲಿನ್ ಸಲಿವನ್ 1981ರಲ್ಲಿ ಇದನ್ನು ಮೊದಲು ತೋರಿಸಿಕೊಟ್ಟರು. ಇದು ಹೃದಯಾಘಾತವನ್ನೇ ತಡೆಯುತ್ತದೆ ಅಂತ ಯಾರಾದರೂ ಮಾರಲು ಬಂದರೆ ನಂಬಬೇಡಿ. ಈಗಾಗಲೇ ಹೃದಯ ಅಥವಾ ಮಿದುಳಿನ ರಕ್ತನಾಳದ ಕಾಯಿಲೆ ಇದ್ದವರ ಮೇಲೆ ನಡೆದ, 2016ರಲ್ಲಿ ಪ್ರಕಟವಾದ ಸೇವ್ ಅಧ್ಯಯನದಲ್ಲಿ ಅದು ಸಾಬೀತಾಗಲಿಲ್ಲ. ಅಲ್ಲಿದ್ದವರು ಮಾಸ್ಕ್ ಹಾಕಿದ್ದು ಸರಾಸರಿ ರಾತ್ರಿಗೆ 3.3 ಗಂಟೆ ಮಾತ್ರ ಅನ್ನುವುದೂ ನಿಜ. ತೂಕಡಿಕೆ ಹೋಗುತ್ತದೆ, ಬಿಪಿ ಸ್ವಲ್ಪ ಇಳಿಯುತ್ತದೆ. ನನ್ನ ಪ್ರಕಾರ ಅಷ್ಟೇ ಸಾಕು ಅದನ್ನು ಹಾಕಿಕೊಳ್ಳಲು.

ಜೊತೆಗೆ ಮಗ್ಗುಲಾಗಿ ಮಲಗಿ, ರಾತ್ರಿಯ ಪೆಗ್ ಬಿಡಿ, ತೂಕ ಇಳಿಸಿ.

ಚಿಕ್ಕಪ್ಪ ಮೊದಲ ವಾರ ನಿದ್ದೆಗಣ್ಣಲ್ಲೇ ಮಾಸ್ಕ್ ಕಿತ್ತೆಸೆಯುತ್ತಿದ್ದರು. ಮೂಗಿನ ಗಾತ್ರಕ್ಕೆ ತಕ್ಕದ್ದನ್ನು ಬದಲಿಸಿಕೊಂಡ ಮೇಲೆ ಒಗ್ಗಿತು. ಎಂಟು ತಿಂಗಳಲ್ಲಿ ಆರು ಕೆಜಿಯೂ ಇಳಿದರು. ಡಾಕ್ಟರು ಮೂರು ಮಾತ್ರೆಯಲ್ಲಿ ಒಂದನ್ನು ನಿಲ್ಲಿಸಿದ್ದಾರೆ, ಉಳಿದೆರಡು ಹಾಗೇ ಇವೆ.