ಡಬ್ಲ್ಯೂ24ಎಕ್ಸ್ ಹುಡುಕಲು ಒಂದು ಕಿಣ್ವ, ಒಂದು ಜೆಲ್ ಸಾಕಾಯಿತು: ನನ್ನ ಅನುಭವ

ಹುಟ್ಟಿನಿಂದಲೇ ಕಿವಿ ಕೇಳದ ಮಕ್ಕಳಲ್ಲಿ ಜಿಜೆಬಿ2 ಜೀನಿನ ಡಬ್ಲ್ಯೂ24ಎಕ್ಸ್ (ಒಂದು ಅಕ್ಷರ ಬದಲಾಗಿ ಪ್ರೋಟೀನ್ ಶುರುವಿನಲ್ಲೇ ನಿಂತುಹೋಗುವ ರೂಪಾಂತರ) ಇದೆಯೇ ಎಂದು ನೋಡಲು ಮೊದಲೇ ಸೀಕ್ವೆನ್ಸಿಂಗ್‌ಗೆ (ಜೀನಿನ ಅಕ್ಷರ ಅಕ್ಷರ ಓದಿಸಲು) ಹೋಗಬೇಕಿಲ್ಲ, ಆ ಜಾಗದ ಡಿಎನ್‌ಎಯನ್ನು ಅಲು-ಒನ್ ಕಿಣ್ವದಲ್ಲಿ ಕತ್ತರಿಸಿ, ತುಂಡುಗಳನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸುವ ಅಗರೋಸ್ ಜೆಲ್ ಓಡಿಸಿದರೆ ಸಾಕು ಅಂದಾಗ ನಮ್ಮ ವಿಭಾಗದಲ್ಲಿ ಯಾರೂ ಒಪ್ಪಲಿಲ್ಲ. "ಎಕ್ಸೋಮ್ ಮಾಡೋ ಕಾಲದಲ್ಲಿ ಇನ್ನೂ ಆರ್‌ಎಫ್‌ಎಲ್‌ಪಿ ಯಾಕ್ರೀ?" ಅಂದವರೇ ಹೆಚ್ಚು. ಎಕ್ಸೋಮ್ ಅಂದರೆ ಎಲ್ಲ ಜೀನ್‌ಗಳ ಪ್ರೋಟೀನ್ ಬರೆಯುವ ಭಾಗಗಳನ್ನೂ ಒಟ್ಟಿಗೆ ಓದಿಸುವುದು, ಆರ್‌ಎಫ್‌ಎಲ್‌ಪಿ ಅಂದರೆ ಹೀಗೆ ಕಿಣ್ವದಲ್ಲಿ ಕತ್ತರಿಸಿ ನೋಡುವ ಹಳೆಯ ವಿಧಾನ. ಅನುದಾನಕ್ಕೆ ಹಾಕಿದ ಅರ್ಜಿಯೂ ಇದೇ ಷರಾ ಬರೆಸಿಕೊಂಡು ವಾಪಸ್ ಬಂತು. ಈಗ ಆರುನೂರರ ಹತ್ತಿರ ಮಾದರಿ ಮುಗಿದಿವೆ. ಅದರಲ್ಲಿ ಎಪ್ಪತ್ತು ಎಂಬತ್ತನ್ನು ಸೀಕ್ವೆನ್ಸಿಂಗ್‌ಗೆ ಕಳಿಸಿ ತಾಳೆ ನೋಡಿದೆ, ಒಂದರಲ್ಲೂ ವ್ಯತ್ಯಾಸ ಬರಲಿಲ್ಲ. ಅದಕ್ಕೇ ಈ ಬರಹ.

ಈ ರೂಪಾಂತರವನ್ನೇ ಹಿಡಿದದ್ದಕ್ಕೆ ಕಾರಣ ನಿಮಗೆ ಗೊತ್ತಿರುವುದೇ. 1997ರಲ್ಲಿ ಜಿಜೆಬಿ2 ಮಾಡಿಸುವ ಪ್ರೋಟೀನ್ ಕನೆಕ್ಸಿನ್ 26ಕ್ಕೂ ಕಿವುಡುತನಕ್ಕೂ ನಂಟು ಗೊತ್ತಾದ ಮೇಲೆ ಯುರೋಪಿನಲ್ಲಿ ಹೆಚ್ಚಾಗಿ ಸಿಕ್ಕಿದ್ದು ಅದೇ ಜೀನಿನ ಇನ್ನೊಂದು ರೂಪಾಂತರ, 35ಡೆಲ್‌ಜಿ. ನಮ್ಮಲ್ಲಿ ಡಬ್ಲ್ಯೂ24ಎಕ್ಸ್ ಮುಂದು. ಭಾರತದಿಂದ ಹೊರಟು ಯುರೋಪ್ ಸೇರಿದ ರೋಮಾ ಜನರಲ್ಲೂ ಇದೇ ಕಾಣುತ್ತದೆ. ಆದರೂ ನಾನು ಕೆಲಸಕ್ಕೆ ಸೇರುವ ಮೊದಲೇ ನಮ್ಮ ಲ್ಯಾಬಿನಲ್ಲಿ 35ಡೆಲ್‌ಜಿಗಾಗಿಯೇ ಮಾಡಿದ ಕಿಟ್ ತರಿಸಿ ಅರವತ್ತು ಎಪ್ಪತ್ತು ಸಾವಿರ ಸುರಿದಿದ್ದರು. ನಮ್ಮ ಮಕ್ಕಳಲ್ಲಿ ಅದು ಒಂದೂ ಸಿಗಲಿಲ್ಲ. ಸೋದರಮಾವನಿಗೆ, ಅತ್ತೆಮಗನಿಗೆ ಹೆಣ್ಣು ಕೊಡುವ ಮನೆಗಳಲ್ಲಿ ಒಂದೇ ಪೂರ್ವಜರ ರೂಪಾಂತರ ಎರಡೂ ಕಡೆಯಿಂದ ಬಂದು ಮಗುವಿನಲ್ಲಿ ಸೇರುತ್ತದೆ. ಅಂಥ ಕಡೆ ಹುಡುಕಬೇಕಾದದ್ದು ಈ ನೆಲದ ರೂಪಾಂತರವನ್ನು.

ಮೊದಲು ಆರ್ಮ್ಸ್ ಪಿಸಿಆರ್ ಮಾಡಿದೆವು. ಪಿಸಿಆರ್ ಅಂದರೆ ಡಿಎನ್‌ಎಯ ಒಂದು ತುಣುಕಿನ ಲಕ್ಷಾಂತರ ಪ್ರತಿ ಮಾಡುವುದು, ಆರ್ಮ್ಸ್‌ನಲ್ಲಿ ರೂಪಾಂತರ ಇದ್ದರೆ ಮಾತ್ರ ಆ ಪ್ರತಿ ಆಗಬೇಕು. ಶುದ್ಧ ಡಿಎನ್‌ಎಯಲ್ಲಿ ಚೆನ್ನಾಗಿ ಬಂತು. ಒಣಗಿಸಿದ ರಕ್ತದ ಚುಕ್ಕೆಯಿಂದ ತೆಗೆದ ಡಿಎನ್‌ಎಗೆ ಹೋದ ಕೂಡಲೇ ಕೆಟ್ಟಿತು. ಅನೀಲಿಂಗ್ ತಾಪ (ಪ್ರೈಮರ್ ಎಂಬ ಚಿಕ್ಕ ಡಿಎನ್‌ಎ ತುಣುಕು ಗುರಿಗೆ ಅಂಟುವ ತಾಪ) ಒಂದು ಡಿಗ್ರಿ ಇಳಿಸಿದರೆ ಎಲ್ಲರಲ್ಲೂ ಮ್ಯೂಟೆಂಟ್ ಬ್ಯಾಂಡ್ (ರೂಪಾಂತರ ಇದೆ ಎನ್ನುವ ಜೆಲ್ ಗೆರೆ), ಏರಿಸಿದರೆ ಯಾರಲ್ಲೂ ಏನೂ ಇಲ್ಲ. ಬ್ಯಾಂಡ್ ಬರಲಿಲ್ಲ ಅಂದರೆ ರೂಪಾಂತರ ಇಲ್ಲವೋ ಪಿಸಿಆರೇ ಆಗಲಿಲ್ಲವೋ ಎಂದು ಹೇಳಲಾಗದ ಪರೀಕ್ಷೆಯನ್ನು ನಂಬಿ ಒಂದು ಮಗುವಿನ ಬಗ್ಗೆ ಮಾತಾಡುವುದು ನನಗೆ ಒಗ್ಗಲಿಲ್ಲ. ನಾಲ್ಕೈದು ತಿಂಗಳು ಅದರಲ್ಲೇ ಹೋಯಿತು.

ಕೊನೆಗೆ ಜೀನಿನ ಅಕ್ಷರಗಳನ್ನೇ ಮುಂದಿಟ್ಟುಕೊಂಡು ಕೂತೆ. 24ನೇ ಕೋಡಾನಿನ (ಮೂರು ಅಕ್ಷರಗಳ ಗುಂಪಿನ) ಟಿಜಿಜಿ ಟಿಎಜಿ ಆದಾಗ, ಮುಂದಿನ ಸಿಟಿಸಿ ಜೊತೆ ಸೇರಿ ಎಜಿಸಿಟಿ ಆಗುತ್ತದೆ. ಅದು ಅಲು-ಒನ್ ಕತ್ತರಿಸುವ ಜಾಗ. ಇಷ್ಟು ಹಲವರಿಗೆ ಗೊತ್ತು. ನನಗೆ ದಾರಿ ತೋರಿಸಿದ್ದು ಇನ್ನೊಂದು: 80ನೇ ಕೋಡಾನ್ ಮುಗಿಯುವಲ್ಲಿ, ಸಿಎಜಿ ಸಿಟಿಜಿ ಕೂಡುವಲ್ಲಿ, ಎಲ್ಲರಲ್ಲೂ ಸಹಜವಾಗಿಯೇ ಒಂದು ಅಲು-ಒನ್ ಜಾಗವಿದೆ. ಎಷ್ಟೋ ಜನ ಜೆಲ್ ಸರಳವಾಗಲಿ ಅಂತ ಅದನ್ನು ಬಿಟ್ಟು ಚಿಕ್ಕ ತುಣುಕು ವರ್ಧಿಸುತ್ತಾರೆ. ನಾನು ಬೇಕೆಂದೇ ಒಳಗೆ ಸೇರಿಸಿಕೊಂಡೆ. ಕಿಣ್ವ ಕೆಲಸ ಮಾಡಿದ್ದರೆ ಪ್ರತಿ ಮಾದರಿಯಲ್ಲೂ 400 ಅಕ್ಷರ ಉದ್ದದ ಆಸುಪಾಸಿನ ಒಂದು ಬ್ಯಾಂಡ್ ಬರಲೇಬೇಕು. ಬರದಿದ್ದರೆ ಕಿಣ್ವ ಸತ್ತಿದೆ, ಆ ಫಲಿತಾಂಶ ಓದುವ ಹಾಗಿಲ್ಲ. ನಾರ್ಮಲ್ ಆದರೆ ಅದರ ಕೆಳಗೆ 270, ಮ್ಯೂಟೆಂಟ್ ಆದರೆ ಆ 270 ಒಡೆದು 168 ಮತ್ತು ಸುಮಾರು 100, ಕ್ಯಾರಿಯರ್ (ಒಂದು ಪ್ರತಿಯಲ್ಲಿ ಮಾತ್ರ ರೂಪಾಂತರ ಇರುವವರು) ಆದರೆ ಮೂರೂ. ನಮ್ಮೂರಿನ ಕರೆಂಟಿಗೆ, ಕೊರಿಯರ್‌ನವನು ಐಸ್ ಕರಗಿಸಿ ತರುವ ಕಿಣ್ವಕ್ಕೆ ಇಂಥ ಒಳಗಿನ ಸಾಕ್ಷಿ ಬೇಕೇ ಬೇಕು.

ಫಾರ್ವರ್ಡ್ ಪ್ರೈಮರ್ (ವರ್ಧಿಸುವ ತುಣುಕು ಶುರುವಾಗುವ ತುದಿಯದು) ಎಲ್ಲಿ ಕೂರಬೇಕು ಎನ್ನುವುದರಲ್ಲೇ ಕಸಬು ಇರುವುದು. ಪ್ರೋಟೀನ್ ಬರಹ ಶುರುವಾಗುವ ಎಟಿಜಿಗಿಂತ ತೊಂಬತ್ತು ಅಕ್ಷರ ಹಿಂದೆ ಇಟ್ಟರೆ ತುಂಡುಗಳು 162 ಮತ್ತು 168 ಆಗಿ ಒಂದರ ಮೇಲೊಂದು ಕೂರುತ್ತವೆ. ನಾನು ಮೂವತ್ತರ ಹತ್ತಿರಕ್ಕೆ ತಂದೆ. ಪ್ರೈಮರ್‌ನ ಪೂರ್ತಿ ಅಕ್ಷರಗಳನ್ನು ಇಲ್ಲಿ ಕೊಡುವುದಿಲ್ಲ, ಪೇಪರ್ ಇನ್ನೂ ವಿಮರ್ಶೆಯಲ್ಲಿದೆ. ಜೆಲ್ ಮಾತ್ರ 3 ಪರ್ಸೆಂಟ್ ಇರಲಿ, 2ರಲ್ಲಿ ಕೆಳಗಿನ ಬ್ಯಾಂಡ್ ಮಂಜಾಗುತ್ತದೆ.

ಮಾದರಿ ಸಂಗ್ರಹ ಬೇರೆಯದೇ ಕಷ್ಟ. ಸೂಜಿ ಅಂದರೆ ಮನೆಯವರು ಹಿಂದೇಟು ಹಾಕುತ್ತಾರೆ ಅಂತ ಕೆನ್ನೆಯೊಳಗಿನ ಸ್ವಾಬ್ ತೆಗೆದೆವು. ಮಕ್ಕಳದ್ದು ಸರಿಯಾಗಿ ಬಂತು. ಅಪ್ಪ, ಅಮ್ಮ, ಅಜ್ಜಿಯರದ್ದು ಬರಲಿಲ್ಲ. ಚನ್ನಗಿರಿ ಕಡೆಯ ಮಾದರಿಗಳಂತೂ ಅರ್ಧಕ್ಕರ್ಧ ಫೇಲ್. ಎಲೆ ಅಡಿಕೆ! ಅಡಿಕೆಯ ಒಗರು ಡಿಎನ್‌ಎ ಜೊತೆಗೇ ಬಂದು ಪಿಸಿಆರ್ ನಡೆಸುವ ಟ್ಯಾಕ್ ಕಿಣ್ವವನ್ನು ತಡೆಯುತ್ತದೆ. ಬಾಯಿ ಮುಕ್ಕಳಿಸಿ ಅರ್ಧ ಗಂಟೆ ಕೂರಿಸಿದರೂ ಪೂರ್ತಿ ಹೋಗಲಿಲ್ಲ. ಬಿಎಸ್‌ಎ (ಅಂಥ ತಡೆಗಳನ್ನು ಹಿಡಿದಿಡುವ ಪ್ರೋಟೀನ್) ಸೇರಿಸಿದ ಮೇಲೆ ಮುಕ್ಕಾಲು ಪಾಲು ಬಂತು. ಎಷ್ಟು, ಯಾವ ಹಂತದಲ್ಲಿ ಅನ್ನುವುದನ್ನು ನೀವೇ ಟೈಟ್ರೇಟ್ ಮಾಡಿಕೊಳ್ಳಿ (ಪ್ರಮಾಣ ಬದಲಿಸುತ್ತ ನೋಡಿ), ನಿಮ್ಮ ಟ್ಯಾಕ್ ಮೇಲೆ ಹೋಗುತ್ತದೆ. ದೊಡ್ಡವರಿಗೆ ಕೊನೆಗೆ ಬೆರಳು ಚುಚ್ಚಿ ಫಿಲ್ಟರ್ ಪೇಪರ್ ಮೇಲೆ ರಕ್ತದ ಚುಕ್ಕೆಯೇ ಗತಿಯಾಯಿತು. ಸ್ಯಾಪೊನಿನ್‌ನಲ್ಲಿ (ರಕ್ತಕಣ ಒಡೆಯುವ ನೊರೆ ಪದಾರ್ಥ) ರಾತ್ರಿಯಿಡೀ ತೊಳೆದು, ಲೋಹದ ಅಯಾನು ಹಿಡಿಯುವ ರಾಳವಾದ ಚೆಲೆಕ್ಸ್‌ನಲ್ಲಿ ಕುದಿಸಿದರೆ ಡಿಎನ್‌ಎ ಸಿಗುತ್ತದೆ.

ಸ್ಯಾಪೊನಿನ್ ಬಾಟಲಿ ಮುಗಿದಾಗ ಅಂಟುವಾಳ ಕಾಯಿ ನೆನೆಸಿದ ನೀರಲ್ಲೇ ತೊಳೆದು ನೋಡಿದೆ. ಕೆಂಪು ರಕ್ತಕಣ ಸೊಗಸಾಗಿ ಒಡೆಯಿತು, ಹೀಮ್ (ರಕ್ತದ ಕೆಂಪು ಅಂಶ) ಎಲ್ಲ ಇಳಿಯಿತು. ಆದರೆ ಕಾಯಿಯ ಕಂದು ಬಣ್ಣ ಪೇಪರಿನಲ್ಲೇ ಉಳಿದು ಅರ್ಧ ಮಾದರಿಗಳ ಪಿಸಿಆರ್ ನಿಂತಿತು. ಸಕ್ರಿಯ ಇದ್ದಿಲಿನಲ್ಲಿ ಸೋಸಿ ಮತ್ತೆ ಮಾಡಬೇಕೆಂದಿದೆ. ಅದು ಆಗಿಬಂದರೆ ತೊಳೆಯುವ ಖರ್ಚು ಪೈಸೆಗೆ ಇಳಿಯುತ್ತದೆ.

ದುಡ್ಡಿನ ಲೆಕ್ಕಕ್ಕೆ ಬರೋಣ. ಅಲು-ಒನ್ ಸಾವಿರ ಯೂನಿಟ್‌ಗೆ ಏಳೆಂಟು ಸಾವಿರ ಕೊಟ್ಟ ನೆನಪು. ಒಂದು ಮಾದರಿಗೆ ಎರಡು ಮೂರು ಯೂನಿಟ್ ಸಾಕು, ಪಿಸಿಆರ್ ಉತ್ಪನ್ನವನ್ನು ಶುದ್ಧ ಮಾಡದೆ ನೇರವಾಗಿ ಕತ್ತರಿಸಿದರೂ ಆಗುತ್ತದೆ. ಪಿಸಿಆರ್, ಅಗರೋಸ್, ಪೇಪರ್, ಕೈಗವಸು ಎಲ್ಲ ಸೇರಿ ಮಾದರಿಗೆ ನೂರೈವತ್ತು ದಾಟಲಿಲ್ಲ. ಸೀಕ್ವೆನ್ಸಿಂಗ್ ಎರಡೂ ದಿಕ್ಕಿಗೆ ಆಗ ಆರುನೂರು ಇತ್ತು, ಮೇಲೆ ಕೊರಿಯರ್. ಎಕ್ಸೋಮ್ ಮಾತು ಎತ್ತಿದರೆ ಆಗ ಇಪ್ಪತ್ತು ಸಾವಿರದ ಮೇಲಿತ್ತು. ಮೊದಲ ವರ್ಷದ ಖರ್ಚಿನಲ್ಲಿ ನಲವತ್ತು ಸಾವಿರದಷ್ಟು ನನ್ನ ಸಂಬಳದ್ದು.

ನಮ್ಮ ಸಂಗ್ರಹದಲ್ಲಿ ಕಿವಿ ಕೇಳದ ಏಳೆಂಟು ಮಕ್ಕಳಿಗೆ ಒಬ್ಬರಲ್ಲಿ ಎರಡೂ ಪ್ರತಿ ಡಬ್ಲ್ಯೂ24ಎಕ್ಸ್. ಮಗುವಿಗೆ ಕಿವಿ ಕೇಳುವುದಿಲ್ಲ, ಆದರೆ ಒಂದೇ ಪ್ರತಿ ಸಿಕ್ಕಿದೆ ಅಂದರೆ ಅಲ್ಲಿಗೆ ಬಿಡಬೇಡಿ. ಕೋಡಿಂಗ್ (ಪ್ರೋಟೀನ್ ಬರೆಯುವ) ಭಾಗ 681 ಅಕ್ಷರ ಮಾತ್ರ, ಇರುವುದೂ ಒಂದೇ ಎಕ್ಸಾನಿನಲ್ಲಿ (ಜೀನಿನ ಒಂದೇ ತುಂಡಿನಲ್ಲಿ). ಪೂರ್ತಿ ಓದಿಸಿ. ವಿ27ಐ, ವಿ153ಐ ಎಂಬ ಬದಲಾವಣೆ ಕಂಡರೆ ಗಾಬರಿ ಬೇಡ, ಅವು ನಿರುಪದ್ರವಿ. ಪಕ್ಕದ ಜೀನ್ ಜಿಜೆಬಿ6ರ ದೊಡ್ಡ ಡಿಲೀಷನ್ (ಕಳೆದುಹೋದ ಭಾಗ) ಕೂಡ ಹುಡುಕಿದೆ, ನಮ್ಮಲ್ಲಿ ಒಂದೂ ಸಿಗಲಿಲ್ಲ. ಇನ್ನು ಆ ಪ್ರೈಮರ್‌ಗಳಿಗೆ ದುಡ್ಡು ಹಾಕುವುದಿಲ್ಲ.

ನನಗೆ ಈ ಕೆಲಸ ಬಿಡಲಾಗದಿರಲು ಕಾರಣ ಮನೆಗಳಲ್ಲಿ ಕೇಳಿಸಿಕೊಂಡ ಮಾತುಗಳು. "ಗ್ರಹಣದ ದಿನ ಹೊರಗೆ ಬಂದಿದ್ಳು, ಅದಕ್ಕೇ ಹಿಂಗಾಯ್ತು" ಎಂದು ಅತ್ತೆ ಹೇಳುವಾಗ ಸೊಸೆ ತಲೆ ತಗ್ಗಿಸಿ ಕೂತಿರುತ್ತಾಳೆ. ತಂದೆಯ ಸಾಲಿನಲ್ಲೂ ತಾಯಿಯ ಸಾಲಿನಲ್ಲೂ ಒಂದೇ ಥರದ ಬ್ಯಾಂಡ್‌ಗಳು ಇರುವ ಜೆಲ್ ಫೋಟೊವನ್ನು ಸಮಾಲೋಚಕರ ಜೊತೆ ಕೂತು ತೋರಿಸುತ್ತೇವೆ. ಇದು ಇಬ್ಬರಿಂದಲೂ ಸಮನಾಗಿ ಬಂದದ್ದು ಎಂದು ಮಾತಿನಲ್ಲಿ ಹೇಳುವುದಕ್ಕಿಂತ ಕಣ್ಣಿಗೆ ಕಂಡರೆ ಬೇಗ ನಾಟುತ್ತದೆ. ಇಂಥ ಮಕ್ಕಳಲ್ಲಿ ಶ್ರವಣನರ ಚೆನ್ನಾಗಿರುವುದರಿಂದ ಕಾಕ್ಲಿಯರ್ ಇಂಪ್ಲಾಂಟ್ ಬೇಗ ಹಾಕಿಸಿದರೆ ಒಳ್ಳೆಯ ಫಲ ಸಿಗುತ್ತದೆ. ಅದನ್ನೂ ಅದೇ ಕೂತಲ್ಲಿ ಹೇಳುತ್ತೇವೆ.

ಇಬ್ಬರಿಗೂ ಕಿವಿ ಕೇಳದ ದಂಪತಿಗಳೂ ಈಗ ಬರುತ್ತಿದ್ದಾರೆ. ಇಬ್ಬರಲ್ಲೂ ಎರಡೂ ಪ್ರತಿ ಡಬ್ಲ್ಯೂ24ಎಕ್ಸ್ ಇದ್ದರೆ ಮಕ್ಕಳಿಗೆಲ್ಲ ಅದೇ ಬರುತ್ತದೆ. ಒಬ್ಬರದ್ದು ಬೇರೆ ಜೀನ್ ಆದರೆ ಸಾಮಾನ್ಯವಾಗಿ ಮಕ್ಕಳಿಗೆ ಕಿವಿ ಕೇಳುತ್ತದೆ. ಇದನ್ನು ಬರೆದ ಕಾಗದದಲ್ಲಿ ಕೊಟ್ಟರೆ ಸಾಲದು, ಸನ್ನೆ ಭಾಷೆಯ ದುಭಾಷಿ ಇಲ್ಲದೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದನ್ನು ನಾವು ನಿಲ್ಲಿಸಿದ್ದೇವೆ.

ಶುರು ಮಾಡುವವರು ಮೂರೂ ಥರದ (ನಾರ್ಮಲ್, ಕ್ಯಾರಿಯರ್, ಮ್ಯೂಟೆಂಟ್) ಕಂಟ್ರೋಲ್, ಅಂದರೆ ಫಲಿತಾಂಶ ಮೊದಲೇ ಗೊತ್ತಿರುವ ಮಾದರಿ, ಇಲ್ಲದೆ ಕೈ ಹಾಕಬೇಡಿ. ಕ್ಯಾರಿಯರ್ ಕಂಟ್ರೋಲ್ ಸಿಗದಿದ್ದರೆ ನಾರ್ಮಲ್ ಮತ್ತು ಮ್ಯೂಟೆಂಟ್ ಡಿಎನ್‌ಎಯನ್ನು ಅಳೆದು ಸಮವಾಗಿ ಬೆರೆಸಿ, ಪಿಸಿಆರ್‌ಗೆ ಮೊದಲು. ಮನೆಯವರಿಗೆ ತಿಳಿಸುವ ಯಾವ ಫಲಿತಾಂಶವೇ ಆಗಲಿ, ಎರಡನೇ ಚುಕ್ಕೆಯಿಂದ ಮತ್ತೊಮ್ಮೆ ಮಾಡಿ, ಮಾನ್ಯತೆ ಇರುವ ಲ್ಯಾಬಿನಲ್ಲಿ ಖಚಿತಪಡಿಸಿಕೊಂಡ ಮೇಲೆ ಹೇಳಿ.