ಕಥೆಯ ಕ್ರಮದಲ್ಲೇ ಚಿತ್ರೀಕರಣ: ಬೈತಖೋಲದಲ್ಲಿ ಕಳೆದ ಒಂದು ಮಳೆಗಾಲ

ಕುಡಿತದಿಂದ ಯಕೃತ್ತು ಕೆಟ್ಟು ಸಾವಿನ ದಾರಿ ಹಿಡಿದ ತಾಂಡೇಲನೊಬ್ಬ (ಮೀನುಗಾರಿಕೆ ಬೋಟು ನಡೆಸುವವ) ಮತ್ತು ಅವನ ಹೆಂಡತಿಯ ಕಥೆಯನ್ನು ಮೊದಲ ದೃಶ್ಯದಿಂದ ಕೊನೆಯವರೆಗೆ ಕ್ರಮವಾಗಿ, ಅದೂ ಕಾರವಾರದ ಮಳೆಯಲ್ಲಿ, ಡಬ್ಬಿಂಗ್ ಇಲ್ಲದೆ ಚಿತ್ರಿಸುತ್ತೇನೆಂದಾಗ ಬೆಂಗಳೂರಿನ ಗೆಳೆಯರು ನಕ್ಕಿದ್ದರು.

ನಗಲು ಕಾರಣವೂ ಇತ್ತು. ಹಿಂದಿನ ವರ್ಷ ನಟನ ಡೇಟ್ಸಿಗೆ ತಲೆಬಾಗಿ ಮರಣಶಯ್ಯೆಯ ದೃಶ್ಯವನ್ನು ಮೂರನೆಯ ದಿನವೇ ಮುಗಿಸಿದ್ದೆ. ಸಂಕಲನಕ್ಕೆ ಕುಳಿತಾಗ ಸಾಯುವವನ ಕೆನ್ನೆ ಮದುಮಗನಂತೆ ತುಂಬಿತ್ತು, ಯಾವ ಮೇಕಪ್ಪೂ ಅದನ್ನು ಮುಚ್ಚಲಿಲ್ಲ. ಮೂರೂವರೆ ಲಕ್ಷದಷ್ಟು ಹಣ ಅಲ್ಲಿಗೆ ಮುಳುಗಿತು.

ಮರುವರ್ಷ ಮೇಳದ ತಿರುಗಾಟ ಮುಗಿಸಿ ಮನೆಯಲ್ಲಿದ್ದ ಯಕ್ಷಗಾನ ಕಲಾವಿದರೊಬ್ಬರನ್ನು ಒಪ್ಪಿಸಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳೂ ಬಿಡುವಾಗಿದ್ದವು. ದಿನಕ್ಕೆ ಸಾವಿರದ ಆಸುಪಾಸಿನಲ್ಲಿ ಒಂದು ಟ್ರಾಲರ್ ಸಿಕ್ಕಿತು. "ಹೇಗೂ ಕಟ್ಟಿ ಹಾಕಿದ ಬೋಟು ಮಾರಾಯ, ಡೀಸೆಲ್ ಮಾತ್ರ ಕೇಳಬೇಡ" ಎಂದರು ಮಾಲೀಕರು. ಆರು ಜನರ ತಂಡ, ಕೋಡಿಬಾಗದಲ್ಲೊಂದು ಬಾಡಿಗೆ ಮನೆ. ಒಟ್ಟು ಒಂಬತ್ತು ಲಕ್ಷ ದಾಟಿರಲಿಕ್ಕಿಲ್ಲ. ವೈದ್ಯರ ಸಲಹೆಯಂತೆ ಉಂಡ ನಮ್ಮ ಕಲಾವಿದರು ಎರಡು ತಿಂಗಳಲ್ಲಿ ಎಂಟೋ ಒಂಬತ್ತೋ ಕಿಲೋ ಇಳಿದರು. ಜಲೋದರದ, ಅಂದರೆ ನೀರು ತುಂಬಿ ಉಬ್ಬಿದ, ಹೊಟ್ಟೆಗೆ ಮೊದಲು ಹತ್ತಿ ತುಂಬಿ ನೋಡಿದೆವು, ಮಲಗಿದಾಗ ಅದು ಬದಿಗೆ ಇಳಿಯದೆ ಗುಡ್ಡದಂತೆ ನಿಂತುಬಿಟ್ಟಿತು. ಆಮೇಲೆ ಏನು ತುಂಬಿದೆವೆಂಬುದನ್ನು ಮುಂದಿನ ಚಿತ್ರ ಮುಗಿಯುವವರೆಗೆ ಹೇಳುವುದಿಲ್ಲ.

ನಿಜವಾಗಿ ಕಾಡಿದ್ದು ಧ್ವನಿ. ಅಡುಗೆಮನೆಯ ತಗಡಿನ ಮಾಡಿನ ಮೇಲೆ ಮಳೆ ಬಿದ್ದರೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಫೋಮ್ ಹಾಳೆ ಹೊದೆಸಿದೆವು. ನೀರು ಕುಡಿದು ಎರಡೇ ದಿನದಲ್ಲಿ ಕುಸಿಯಿತು, ನಾಲ್ಕು ಸಾವಿರವೂ ಹೋಯಿತು. ಕೊನೆಗೆ ಶಿರಸಿಯಿಂದ ಒಂದು ಪಿಕಪ್ ತುಂಬ ಅಡಿಕೆ ಸೋಗೆ ತರಿಸಿ ತಗಡಿನ ಮೇಲೆ ಎರಡು ಪದರ ಹಾಸಿದಾಗ, ಡೋಲಿನಂತೆ ಬಡಿಯುತ್ತಿದ್ದ ಮಳೆ ದೂರದಲ್ಲೆಲ್ಲೋ ಸುರಿಯುವಂತಾಯಿತು. ಸೋಗೆಯ ಮಾಡಿನ ಕೆಳಗೆ ಬೆಳೆದ ಶಿರಸಿ ಕಡೆಯವರಿಗೆ ಇದು ಹೊಸತಲ್ಲ, ಆದರೆ ಧ್ವನಿಗ್ರಾಹಕರು ಹೆಡ್‌ಫೋನ್ ಹಾಕಿಕೊಳ್ಳುವವರೆಗೂ ನಂಬಿರಲಿಲ್ಲ. ಮಳೆಯ ಜೋರು ಒಂದು ಶಾಟ್‌ನಿಂದ ಇನ್ನೊಂದಕ್ಕೆ ಬದಲಾಗುತ್ತಿದ್ದುದರಿಂದ ಮುಖ್ಯ ದೃಶ್ಯಗಳನ್ನೆಲ್ಲ ಒಂದೇ ಟೇಕ್‌ನಲ್ಲಿ ಮುಗಿಸುವುದು ಅನಿವಾರ್ಯವಾಯಿತು.

ಹಾಗೆ ಸಿಕ್ಕಿದ್ದೇ ಬಾಟಲಿಯ ದೃಶ್ಯ. ಹೆಂಡತಿ ಅವನ ಫೆನ್ನಿಗೆ ದಿನವೂ ಸ್ವಲ್ಪಸ್ವಲ್ಪ ಹೆಚ್ಚು ನೀರು ಬೆರೆಸುತ್ತಾಳೆ. ಅವನಿಗೆ ರುಚಿಯಲ್ಲೇ ತಿಳಿಯುತ್ತದೆ, ಆದರೂ ಹೇಳುವುದಿಲ್ಲ. ನಾಲ್ಕು ನಿಮಿಷ ಕ್ಯಾಮೆರಾ ಕದಲಲಿಲ್ಲ. ಅವನ ಕೈ ನಡುಗುವುದನ್ನು ನಾವು ತೋರಿಸಲೇ ಇಲ್ಲ, ಚೌಕಟ್ಟಿನ ಹೊರಗೆ ಕಪ್ ಬಶಿಗೆ ತಾಗುವ ಸಣ್ಣ ಸದ್ದು ಮಾತ್ರ ಬರುತ್ತದೆ. ಪಿಂಗಾಣಿ ತೀರಾ ಮಧುರವಾಗಿ, ಸ್ಟೀಲು ತೀರಾ ಕರ್ಕಶವಾಗಿ ಕೇಳಿದ್ದರಿಂದ ಬಂದರಿನ ಚಹಾದಂಗಡಿಯ ಅಂಚು ಒಡೆದ ಬಶಿಯನ್ನು ಬೇಡಿ ತಂದಿದ್ದೆವು.

ಬೀಡಿಯನ್ನು ಕಥೆಯಿಂದಲೇ ತೆಗೆದೆ. ಅದಿದ್ದರೆ ಆರಂಭದಲ್ಲೂ ನಡುವೆಯೂ 30 ಸೆಕೆಂಡಿನ ತಂಬಾಕು ಎಚ್ಚರಿಕೆ ಹಾಕಬೇಕಾಗುತ್ತಿತ್ತು, ಮಧ್ಯಂತರದ ನಂತರ ನೇರವಾಗಿ ಅವನ ಹಾಸಿಗೆಯ ಬಳಿಗೇ ಹೋಗಬೇಕೆಂಬ ನನ್ನ ಲೆಕ್ಕ ತಪ್ಪುತ್ತಿತ್ತು.

ಕೊನೆಯ ದೃಶ್ಯವೆಂದರೆ ನಿಷೇಧ ಮುಗಿದು ಬೋಟುಗಳೆಲ್ಲ ಅವನಿಲ್ಲದೆ ಕಡಲಿಗೆ ಹೊರಡುವುದು. ಆಗಸ್ಟ್ 1ರ ನಸುಕಿಗೆ ಕ್ಯಾಮೆರಾ ಹೂಡಿ ಕುಳಿತರೆ ಹವಾಮಾನದ ಎಚ್ಚರಿಕೆ ಬಂತು, ಒಂದು ಬೋಟೂ ಕದಲಲಿಲ್ಲ. ಮೂರು ದಿನ ತಂಡಕ್ಕೆ ಸುಮ್ಮನೆ ಊಟ ಹಾಕಿದೆ. ನಾಲ್ಕನೆಯ ಬೆಳಿಗ್ಗೆ ಬೋಟುಗಳು ಸಾಲಾಗಿ ಹೊರಟಾಗ, ಸತ್ತವನ ಪಾತ್ರ ಮಾಡಿದ್ದ ಕಲಾವಿದರು ಕ್ಯಾಮೆರಾದ ಹಿಂದೆ ಕೊಡೆ ಹಿಡಿದು ನಿಂತಿದ್ದರು; ಅವರು ಹಬೆಯಾಡುವ ಇಡ್ಲಿಯ ಪೊಟ್ಟಣ ಬಿಚ್ಚಿದ ಸದ್ದು ಈಗಲೂ ಆ ಶಾಟ್‌ನಲ್ಲಿದೆ, ನಾನು ತೆಗೆಸಲಿಲ್ಲ.