ಒತ್ತಡದ ಕಂಬ ಎಷ್ಟು ಬಾಗುತ್ತದೆ?

ಮೇಲಿಂದ ಭಾರ, ಪಕ್ಕದಿಂದ ನೂಕು, ಎರಡೂ ಇರುವ ಕಂಬದಲ್ಲಿ ಲೆಕ್ಕ ಕೆಡುವುದು ಸಾಮಾನ್ಯವಾಗಿ ಒಂದೇ ಕಡೆ: ಎರಡರ ಬಾಗನ್ನೂ ಬೇರೆಬೇರೆ ತೆಗೆದು ಕೂಡಿಸುವುದು. ನೆಟ್ಟಗಿರುವ ಕಂಬವನ್ನು ನಡುಗೆರೆಯ ಭಾರವೊಂದೇ ಬಾಗಿಸುವುದಿಲ್ಲ. ಹಾಗಾಗಿ ಕೂಡಿಸಿದರೆ ಭಾರವೇ ಇಲ್ಲವೆಂಬಂಥ ಉತ್ತರ ಬರುತ್ತದೆ.

75 ಮಿ.ಮೀ. ಚೌಕದ ಉಕ್ಕಿನ ಕೊಳವೆ, ಉದ್ದ 3 ಮೀಟರ್, ಎರಡೂ ತುದಿ ಪಿನ್ (ಜಾಗ ಬಿಡದೆ ತಿರುಗಬಲ್ಲ ಕೀಲು) ಎಂದುಕೊಳ್ಳಿ. ವಿಸ್ತೀರ್ಣ 1,200 ಚದರ ಮಿ.ಮೀ.; ಜಡತ್ವ ಮಹತ್ವ (ಅಡ್ಡಕೊಯ್ತದ ಆಕಾರ ಬಾಗನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ) 100 ಸೆಂ.ಮೀ.⁴, ಅಂದರೆ 10 ಲಕ್ಷ ಮಿ.ಮೀ.⁴ (ಕೋಷ್ಟಕದ ಸೆಂ.ಮೀ.ಯನ್ನು ಹಾಗೇ ಹಾಕಿದರೆ ಉತ್ತರ 10,000 ಪಟ್ಟು ತಪ್ಪು). ನೇರ ಭಾರ 100 ಕಿಲೋನ್ಯೂಟನ್, ನಡುವಿನಲ್ಲಿ ಅಡ್ಡ ಭಾರ 2 ಕಿಲೋನ್ಯೂಟನ್.

ಮೊದಲು ಅಡ್ಡ ಭಾರದ ಬಾಗು: 5.63 ಮಿ.ಮೀ. ಆಮೇಲೆ ಆಯ್ಲರ್ ಭಾರ, ಅಂದರೆ ನೆಟ್ಟಗಿನ ಕಂಬವೂ ತಾನಾಗಿ ಬಾಗಿಬಿಡುವ ನೇರ ಭಾರ: 219 ಕಿಲೋನ್ಯೂಟನ್. ಕಂಬ ಬಾಗುವ ದಿಕ್ಕಿನ ಜಡತ್ವವನ್ನೇ ಇಲ್ಲಿ ಬಳಸಬೇಕು.

ಈಗ ಕಷ್ಟದ ಘಟ್ಟ. 5.63 ಬಾಗಿದ ಕಂಬದ ಮೇಲೆ ಕುಳಿತ 100 ಕಿಲೋನ್ಯೂಟನ್ ಅದನ್ನು ಇನ್ನೂ 2.57 ಬಾಗಿಸುತ್ತದೆ, ಆ 2.57ರಿಂದ 1.17, ಅದರಿಂದ 0.53, ಹೀಗೇ. ಒಂದೇ ಸುತ್ತಿಗೆ ನಿಲ್ಲಿಸಿದರೆ 8.2 ಸಿಗುತ್ತದೆ, ಅದು ಕಡಿಮೆ. ಸರಣಿ ಪೂರ್ತಿ ಬೇಕಾದರೆ 1ರಿಂದ ಭಾರದ ಅನುಪಾತ (100 ÷ 219) 0.456 ಕಳೆದು, ಉಳಿದದ್ದರಿಂದ ಭಾಗಿಸಿ: 5.63 ÷ 0.544 = 10.3 ಮಿ.ಮೀ. ಅನುಪಾತ 0.6ರ ಒಳಗಿದ್ದರೆ ತಪ್ಪು ಶೇ. 2 ದಾಟುವುದಿಲ್ಲ.

ಕಂಬ ಹುಟ್ಟಿನಿಂದಲೇ ಚೂರು ಸೊಟ್ಟ. ಉದ್ದದ ಸಾವಿರದಲ್ಲೊಂದು, 3 ಮಿ.ಮೀ., ಲೆಕ್ಕಕ್ಕೆ ಹಿಡಿಯಲೇಬೇಕು. ಅದೇ 0.544ರಿಂದ ಭಾಗಿಸಿದರೆ ಅದೂ 5.5 ಆಗುತ್ತದೆ, ಒಟ್ಟು 15.9. ಭಾರ ತುದಿಗಳಲ್ಲೇ ನಡುಗೆರೆ ತಪ್ಪಿ ಕುಳಿತಿದ್ದರೆ ಈ ಭಾಗಾಕಾರದ ಬದಲು ಸೀಕೆಂಟ್ ಸೂತ್ರ ಬಳಸಿ: ಎರಡೂ ಕಡೆ 10 ಮಿ.ಮೀ. ತಪ್ಪಿದ್ದರೆ ನಡುವಿನ ಬಾಗು 10.5.

ಸಾಫ್ಟ್‌ವೇರ್ ಇದನ್ನೆಲ್ಲ ಮಾಡುತ್ತದೆಂದು ನಂಬಿ ಕೂರಬೇಡಿ. ಸರಳ ರೇಖೀಯ ವಿಶ್ಲೇಷಣೆ 5.63 ಕೊಟ್ಟು ಸುಮ್ಮನಾಗುತ್ತದೆ. ಪಿ-ಡೆಲ್ಟಾ (ಬಾಗಿದ ಕಂಬದ ಮೇಲೆ ನೇರ ಭಾರ ತರುವ ಹೆಚ್ಚುವರಿ ಬಾಗಿನ ಲೆಕ್ಕ) ಆನ್ ಮಾಡಿ, ಕಂಬವನ್ನು ನಾಲ್ಕು ತುಂಡು ಮಾಡಿ. ಏಕೆಂದರೆ ಕೆಲವು ಸಾಫ್ಟ್‌ವೇರ್‌ಗಳು ನೋಡ್‌ಗಳ (ತುಂಡುಗಳ ತುದಿಬಿಂದುಗಳ) ಚಲನೆಯನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ.

ಕೊನೆಗೆ ಅಂಚಿನ ಒತ್ತಡ ನೋಡಿ. ಇಲ್ಲಿ ಚದರ ಮಿ.ಮೀ.ಗೆ 199 ನ್ಯೂಟನ್. 250ಕ್ಕೆ ಮಣಿಯುವ ಉಕ್ಕಿಗೆ ಸರಿ. ನೇರ ಭಾರವನ್ನು 150ಕ್ಕೆ ಏರಿಸಿದರೆ ಸೂತ್ರ 27 ಮಿ.ಮೀ. ಬಾಗು ಕೊಡುತ್ತದೆ, ಆದರೆ ಒತ್ತಡ 330 ದಾಟಿರುತ್ತದೆ. ಉಕ್ಕು ಅದಕ್ಕೂ ಮೊದಲೇ ಮಣಿದಿರುವುದರಿಂದ ಆ 27 ಬರೀ ಕಾಗದದ ಮೇಲಿನ ಅಂಕಿ.